ಗಂಡಾಮೆಯೋ, ಹೆಣ್ಣಾಮೆಯೋ?

ಪ್ರಶ್ನೆ: ಎರಡು ವರ್ಷದ ಹಿಂದೆ ಅಕ್ವೇರಿಯಂ ಅಂಗಡಿಯಿಂದ ಕೆಂಪು ಕಿವಿಯ ನೀರಾಮೆಯ ಎರಡು ಮರಿ ತಂದೆವು. ಜೋಡಿ ಎಂದೇ ಕೊಟ್ಟರು. ಈಗ ಎರಡರ ಚಿಪ್ಪೂ 4 ಇಂಚು. ಒಂದರ ಮುಂಗಾಲಿನ ಉಗುರು ಉದ್ದ, ಇನ್ನೊಂದರದ್ದು ಗಿಡ್ಡ. ಹೊಟ್ಟೆ ಕಡೆ ತಗ್ಗಿದ್ದರೆ ಗಂಡು ಅನ್ನುತ್ತಾರೆ, ಎರಡಕ್ಕೂ ತಗ್ಗಿಲ್ಲ. ಗುರುತಿಸುವುದು ಹೇಗೆ?
– ಓದುಗರು, ಗಂಗಾವತಿ

ಉತ್ತರ: ಮುಂಗಾಲಿನ ಉಗುರು ಹಿಂಗಾಲಿನದಕ್ಕಿಂತ ಎರಡು ಪಟ್ಟು ಉದ್ದವಿದ್ದರೆ ಅದು ಗಂಡೇ. ಗಿಡ್ಡ ಉಗುರಿನದನ್ನು ಮಾತ್ರ ಈಗಲೇ ಹೆಣ್ಣು ಅನ್ನಬೇಡಿ. ಗಂಡಿನ ಗುರುತು ಮೂಡುವುದೇ 4 ಇಂಚಿನ ಆಸುಪಾಸಿನಲ್ಲಿ, ಕೆಲವಕ್ಕೆ ಇನ್ನೂ ತಡ. ಹೆಣ್ಣಿಗೆ ಹೊಸದಾಗಿ ಮೂಡುವ ಗುರುತೇ ಇಲ್ಲ. ಹಾಗಾಗಿ 5 ಇಂಚು ದಾಟುವ ತನಕ ಕಾಯಬೇಕು. ನಾಣ್ಯದಷ್ಟು ಮರಿಯನ್ನು ‘ಜೋಡಿ’ ಅಂದದ್ದು ಬರೀ ಅಂದಾಜು.

ಕಲ್ಲಿಗೆ ಉಜ್ಜಿ ಉಗುರು ಸವೆಯುವುದೂ ಉಂಟು. ಆಗ ಬಾಲ ನೋಡಿ. ಮುಂಗಾಲು ಹಿಂಗಾಲುಗಳ ನಡುವೆ ಚಿಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಟಬ್ಬಿನ ಮೇಲೆಯೇ ಸ್ವಲ್ಪ ಓರೆ ಮಾಡಿ. ಬಾಲ ಎಳೆಯಬೇಡಿ, ತಾನಾಗಿ ಚಾಚುತ್ತದೆ. ಗಂಡಿನ ಬಾಲ ಬುಡದಲ್ಲಿ ದಪ್ಪ, ಮಲದ್ವಾರ ಚಿಪ್ಪಿನ ಅಂಚು ದಾಟಿ ತುದಿಯ ಕಡೆಗಿರುತ್ತದೆ. ಹೆಣ್ಣಿನ ಬಾಲ ಸಣ್ಣ, ದ್ವಾರ ಚಿಪ್ಪಿನಂಚಿಗೆ ಹತ್ತಿರ. ಹೀಗೆ ಹಿಡಿದಾಗ ಗಂಡು ಒಮ್ಮೊಮ್ಮೆ ಕಪ್ಪು-ನೇರಳೆ ಬಣ್ಣದ ಜನನಾಂಗವನ್ನು ಹೊರಹಾಕುತ್ತದೆ. ಕರುಳು ಬಂತೆಂದು ಗಾಬರಿ ಬೇಡ, ನೀರಿಗೆ ಬಿಟ್ಟರೆ ಒಳಗೆ ಹೋಗುತ್ತದೆ. ಹೋಗದಿದ್ದರೆ ಒಣಗಲು ಬಿಡದೆ ಅಂದೇ ಪಶುವೈದ್ಯರಿಗೆ ತೋರಿಸಿ. ಆಮೆ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ವಾಂತಿ-ಭೇದಿ ತರುವ ಸಾಲ್ಮೊನೆಲ್ಲಾ ಎಂಬ ರೋಗಾಣು ಆಮೆ ಮುಟ್ಟಿದ ಕೈಯಿಂದಲೂ ಬರುತ್ತದೆ.

ಹೊಟ್ಟೆಯ ತಗ್ಗು ನಕ್ಷತ್ರ ಆಮೆಯಂಥ ನೆಲದ ಆಮೆಗಳಿಗೆ ಸರಿಯಾದ ಗುರುತು, ನಿಮ್ಮವಕ್ಕೆ ನಂಬುವಂಥದ್ದಲ್ಲ. (ನಕ್ಷತ್ರ ಆಮೆ ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.) ನಮ್ಮ ಸೀಮೆಯ ಬಿಸಿಲಿಗೆ ಎಲ್ಲ ಹೆಣ್ಣಾಗುತ್ತವೆ ಎಂಬ ಮಾತೂ ಅರ್ಧ ನಿಜ: ಮೊಟ್ಟೆ ಸುಮಾರು 26 ಡಿಗ್ರಿಯಲ್ಲಿದ್ದರೆ ಗಂಡು, 31ರಲ್ಲಿ ಹೆಣ್ಣು. ಒಡೆದು ಹೊರಬಂದ ಮೇಲೆ ರಾಯಚೂರಿನ ಬೇಸಿಗೆಯೂ ಅದನ್ನು ಬದಲಿಸದು.

ಎರಡನೆಯದು ಹೆಣ್ಣಾದರೆ 10 ಇಂಚಿನವರೆಗೂ ಬೆಳೆದೀತು. ಗಂಡಿಲ್ಲದೆಯೂ ಮೊಟ್ಟೆ ಇಡುತ್ತದೆ. ತೋಡಲು ಒಂದಡಿ ಆಳದ ಹಸಿ ಮರಳಿಲ್ಲದಿದ್ದರೆ ಮೊಟ್ಟೆ ಒಳಗೇ ಉಳಿದು ಜೀವಕ್ಕೇ ಕುತ್ತು. ಗಂಡು ಬೆನ್ನು ಬಿಡದೆ ಕಾಡಿದರೆ ಟಬ್ ಬೇರೆ ಮಾಡಿ. ಸಾಕಲಾಗದಿದ್ದರೂ ಎಡದಂಡೆ ಕಾಲುವೆಗೆ ಬಿಡಬೇಡಿ, ತುಂಗಭದ್ರೆಯ ನಮ್ಮ ಆಮೆಗಳ ಮೇವು-ಜಾಗಕ್ಕೆ ಅವು ಪೈಪೋಟಿಗೆ ಬೀಳುತ್ತವೆ.