ನಮ್ಮ ಪಾಟರಿ ಕ್ಲಬ್ಬಿನ ಹನ್ನೆರಡು ಜನ ಒಟ್ಟಿಗೆ ಇಂಡಿಯಾಕ್ಕೆ ಹೋಗುದು ಅಂತ ಇದ್ದೇವೆ, ಎರಡು ವಾರದಲ್ಲಿ ಎಲ್ಲೆಲ್ಲಿ ಹೋಗ್ಬಹುದು?

ಜೈಪುರ, ಕಛ್, ಕೋಲ್ಕತ್ತಾ, ಪಾಂಡಿಚೇರಿ ಎಲ್ಲ ಎರಡು ವಾರದಲ್ಲಿ ಮುಗಿಸ್ಲಿಕ್ಕೆ ಆಗ್ತದಾ ಅಂತ ಕೇಳಿದ್ದೀರಿ. ಸುತ್ತಲಿಕ್ಕೆ ಆಗ್ತದೆ, ಆದ್ರೆ ದಯವಿಟ್ಟು ಹಾಗೆ ಮಾಡ್ಬೇಡಿ.

ನಾನಿರುದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ರ, ಊರು ಮಂಗಳೂರು ಕಡೆ. ಇಲ್ಲಿ ಮಣ್ಣಿನ ಕೆಲಸ ಮಾಡುವವರ ಒಂದು ಗುಂಪಲ್ಲಿ ಇದ್ದೇನೆ, ನಾವು ಹನ್ನೊಂದು ಜನ ಹೋಗಿದ್ದೆವು. ಮೊದಲ ಐದು ದಿನ ಒಂದು ಟ್ರಾವೆಲ್ ಏಜೆನ್ಸಿಯವರು ಹಾಕಿಕೊಟ್ಟ ಪ್ಲಾನು, ದಿನಕ್ಕೆ ಎರಡು ಕಡೆ, ಒಂದೊಂದು ಕಡೆ ಮುಕ್ಕಾಲು ಗಂಟೆ. ಬಸ್ಸಿಂದ ಇಳಿಯುದು, ಒಬ್ಬರು ಅಜ್ಜ ಚಕ್ರ ತಿರುಗಿಸಿ ನಾಲ್ಕು ಹಣತೆ ಮಾಡಿ ತೋರಿಸುದು, ಫೋಟೋ, ಅಂಗಡಿ, ಪುನಃ ಬಸ್ಸು. ನಮ್ಮವರಲ್ಲಿ ಮೂವತ್ತು ವರ್ಷ ಮಣ್ಣಲ್ಲೇ ಕೈ ಇಟ್ಟವರು ಇದ್ರು, ಆ ಅಜ್ಜ ಇನ್ನೂ ಹೆಚ್ಚು ವರ್ಷ ಇಟ್ಟವರು, ಒಬ್ಬರನ್ನೊಬ್ಬರು ಕೇಳುವಂಥದ್ದು ಎಷ್ಟೋ ಇತ್ತು, ಸಮಯವೇ ಇಲ್ಲ. ಅದು ನನಗೆ ಇವತ್ತಿಗೂ ಬೇಜಾರು.

ಆರನೇ ದಿನ ಉದಯಪುರದಲ್ಲಿ ಕೂತು ಉಳಿದದ್ದೆಲ್ಲ ಕ್ಯಾನ್ಸಲ್ ಮಾಡಿ ಮೊಲೇಲಾಕ್ಕೆ ಹೋದೆವು. ನಾಥದ್ವಾರದ ಹತ್ರದ ಸಣ್ಣ ಊರು ಅದು, ದೇವರ ಉಬ್ಬು ಮೂರ್ತಿ ಇರುವ ಮಣ್ಣಿನ ಹಲಗೆಗಳಿಗೆ ಹೆಸರುವಾಸಿ. ದೇವನಾರಾಯಣ, ಭೈರವ, ನಾಗದೇವರು, ಹೀಗೆ. ಮಾಘ ಮಾಸದಲ್ಲಿ ಭೀಲರು, ಗುಜ್ಜರರು ಎಲ್ಲ ದೂರದೂರದ ಹಳ್ಳಿಗಳಿಂದ ತಮ್ಮ ಪೂಜಾರಿಯನ್ನು (ಭೋಪಾ ಅಂತಾರೆ) ಕರ್ಕೊಂಡು ಬಂದು ಮೂರ್ತಿ ತಗೊಂಡು ಹೋಗಿ ಊರ ಗುಡಿಯಲ್ಲಿ ಇಡ್ತಾರೆ. ಮೊಲೇಲಾದವರು ಮಣ್ಣಿಗೆ ಕತ್ತೆ ಲದ್ದಿ ಹಾಕಿ ಕಲಸ್ತಾರೆ. ಅದರ ನಾರು ಒಣಗುವಾಗ ಮಣ್ಣನ್ನು ಹಿಡ್ಕೊಳ್ತದೆ, ಸುಡುವಾಗ ಉರಿದುಹೋಗಿ ಸಣ್ಣ ಸಣ್ಣ ತೂತು ಬಿಡ್ತದೆ, ಹಾಗಾಗಿ ಅಷ್ಟು ದೊಡ್ಡ ಹಲಗೆಯೂ ಸೀಳುದು ಕಮ್ಮಿ. ನಾಲ್ಕು ದಿನ ಇದ್ದೆವು. ಮೊದಲ ದಿನ ಬರೀ ನೋಡಿದ್ದು, ಎರಡನೇ ದಿನ ಅವರೇ ಕಲಸಿದ ಮಣ್ಣು ಮುಂದಿಟ್ಟರು, ಮೂರನೇ ದಿನ ನಮ್ಮವರು ಮೊಬೈಲಲ್ಲಿ ತಮ್ಮ ಸೀಳಿಹೋದ ಹೂಜಿಗಳ ಫೋಟೋ ತೋರಿಸಿ ಯಾಕೆ ಹೀಗಾಯ್ತು ಅಂತ ಕೇಳ್ತಾ ಇದ್ರು. ಕೈಸನ್ನೆಯಲ್ಲೇ ಅರ್ಧ ಮಾತು ಮುಗೀತಿತ್ತು.

ಮತ್ತೆ ನೀರಿನ ಕೊಡ ಮಾಡುದನ್ನು ಮೊದಲಿಂದ ಕೊನೆ ತನಕ ಒಮ್ಮೆ ಕೂತು ನೋಡ್ಲೇಬೇಕು. ನಾವು ನೋಡಿದ್ದು ದಾರಿಯ ಒಂದು ಹಳ್ಳಿಯಲ್ಲಿ. ಚಕ್ರದ ಮೇಲೆ ಆಗುದು ಬಾಯಿ, ಕುತ್ತಿಗೆ, ಕೆಳಗೆ ದಪ್ಪ ಗೋಡೆ ಅಷ್ಟೇ, ತಳವೇ ಇಲ್ಲ! ನೆರಳಲ್ಲಿ ಸ್ವಲ್ಪ ಗಟ್ಟಿಯಾದ ಮೇಲೆ ಅಲ್ಲಿಯ ಕುಂಬಾರರು ಅಂಟದ ಹಾಗೆ ಬೂದಿ ಉದುರಿಸ್ಕೊಂಡು, ಎಡಗೈಯಲ್ಲಿ ದುಂಡು ಕಲ್ಲು ಒಳಗಿಂದ ಹಿಡಿದು ಬಲಗೈಯ ಮರದ ಹಲಗೆಯಲ್ಲಿ ಹೊರಗಿಂದ ಬಡೀತಾ ಹೋದ್ರು, ಒಂದು ಪೆಟ್ಟೂ ತಪ್ಪದೆ ಕಲ್ಲು ಇದ್ದಲ್ಲಿಗೇ ಹಲಗೆ ಬೀಳ್ತದೆ, ಗೋಡೆ ತೆಳ್ಳಗಾಗ್ತಾ ಹೊಟ್ಟೆ ಉಬ್ಬಿ ತಳ ತಾನಾಗಿ ಕೂಡಿಕೊಂಡು ಬಂತು. ತೆಳ್ಳಗಾದ ಹಾಗೆ ಪೆಟ್ಟಿನ ಶಬ್ದವೂ ಬದಲಾಗ್ತದೆ, ಅವರು ಕೈಗಿಂತ ಕಿವಿಯಲ್ಲೇ ಅಳೀತಾರೇನೋ ಅಂತ ನನಗೆ ಅನ್ನಿಸಿತು. ನಾವು ಇಲ್ಲಿ 1,250 ಡಿಗ್ರಿಯಲ್ಲಿ ಸುಡುವವರು, ಈ ಕೊಡ ಬೇಯುದು 700ರಿಂದ 900ರ ಒಳಗೆ, ಗ್ಲೇಜ್ (ಗಾಜಿನಂಥ ಲೇಪ) ಇಲ್ಲ. ಆ ಕಾರಣಕ್ಕೇ ನೀರು ಜಿನುಗಿ ಆವಿಯಾಗಿ ತಂಪಾಗುದು.

ಜೈಪುರಕ್ಕೆ ಅರ್ಧ ದಿನ ಸಾಕು. ಬ್ಲೂ ಪಾಟರಿ ಚಂದ ಉಂಟು, ಆದ್ರೆ ಅದು ಜೇಡಿಮಣ್ಣಲ್ಲ, ಕ್ವಾರ್ಟ್ಸ್ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ, ಅಂಟು ಎಲ್ಲ ಸೇರಿಸಿದ ಹಿಟ್ಟು, ಹೆಚ್ಚಿನದು ಅಚ್ಚಿನ ಕೆಲಸ. ಪಾಂಡಿಚೇರಿಯ ಗೋಲ್ಡನ್ ಬ್ರಿಜ್ ಪಾಟರಿಯನ್ನು 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಶುರು ಮಾಡಿದ್ದು, ಇಂಡಿಯಾದ ಎಷ್ಟೋ ಸ್ಟುಡಿಯೋ ಪಾಟರ್‌ಗಳು ಅಲ್ಲಿ ಕಲಿತವರು. ದಕ್ಷಿಣಕ್ಕೆ ಬರುದಾದ್ರೆ ಮೊದಲೇ ಬರೆದು ಕೇಳಿ ಹೋಗಿ.

ನಾನು ಕೊನೆಗೆ ಎಲ್ಲರನ್ನೂ ನಮ್ಮ ದೊಡ್ಡಮ್ಮನ ಮನೆಗೆ ಕರ್ಕೊಂಡು ಹೋದೆ. ಹಿತ್ತಲಲ್ಲಿ ಮಾಡಿಂದ ಇಳಿಸಿಟ್ಟ ಹಳೇ ಹಂಚಿನ ರಾಶಿ ಇತ್ತು. ಗುಂಪಿನ ಹಿರಿಯ ಹೆಂಗಸು ಒಂದನ್ನು ಮಗುಚಿ ಪಾಚಿ ಉಜ್ಜಿದ್ರು, ಬಾಸೆಲ್ ಮಿಷನ್ ಅಂತ ಅಕ್ಷರ ಕಾಣಿಸಿತು. ಅವರು ಹುಟ್ಟಿ ಬೆಳೆದ ಊರಿನ ಹೆಸರು! 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ನಮಗೆ ಶಾಲೆಯಿಂದ ಗೊತ್ತು, ಅವರಿಗೆ ಯಾರೂ ಹೇಳಿರ್ಲಿಲ್ಲ. ತುಂಬ ಹೊತ್ತು ಆ ಹಂಚು ತೊಡೆ ಮೇಲೆ ಇಟ್ಕೊಂಡು ಜಗಲಿಯಲ್ಲೇ ಕೂತಿದ್ರು, ದೊಡ್ಡಮ್ಮ ಕಾಫಿ ತಂದದ್ದೂ ಗೊತ್ತಾಗ್ಲಿಲ್ಲ.

ಹೊರಡುದು ದೀಪಾವಳಿ ಕಳೆದ ಮೇಲೆ ಇಟ್ಕೊಳ್ಳಿ. ಅದಕ್ಕೆ ಮೊದಲು ಹಣತೆ ಕೆಲಸದಲ್ಲಿ ಕುಂಬಾರರಿಗೆ ತಲೆ ಎತ್ತಲಿಕ್ಕೆ ಪುರುಸೊತ್ತು ಇರುದಿಲ್ಲ, ಮಳೆಗಾಲದಲ್ಲಿ ಮಣ್ಣು ಒಣಗುದೂ ಇಲ್ಲ, ಸುಡ್ಲಿಕ್ಕೂ ಕಷ್ಟ. ಕಲಿಸಿದವರಿಗೆ ದಿನದ ಲೆಕ್ಕದಲ್ಲಿ ದುಡ್ಡು ಕೊಡಿ, ಎಷ್ಟು ಅಂತ ಮೊದಲೇ ಮಾತಾಡಿ, ಎರಡು ಹೂಜಿ ಕೊಂಡ್ರೆ ಸಾಲದು. ನಿಮ್ಮಲ್ಲಿ ಕುಕ್ಕರಗಾಲಲ್ಲಿ ಕೂರ್ಲಿಕ್ಕೆ ಆಗದವರಿಗೆ ಗಿಡ್ಡ ಸ್ಟೂಲ್ ತಗೊಂಡು ಹೋಗಿ. ಕೊಂಡ ಮಡಕೆಗಳನ್ನು ಒಳಗೂ ಹೊರಗೂ ಬಟ್ಟೆ ತುಂಬಿಸಿ ಕೈಚೀಲದಲ್ಲೇ ಇಟ್ಕೊಳ್ಳಿ. ಲಗೇಜಿಗೆ ಹಾಕಿದ ನಮ್ಮ ಐದರಲ್ಲಿ ಮೂರು ಒಡೆದಿತ್ತು.