ಸೂಟ್‌ಕೇಸಿಗೆ ಬಾವುಟ ಅಂಟಿಸಬೇಕಾ?

ಪ್ರಶ್ನೆ: ಅಕ್ಕಾ, ನಾನೂ ನಮ್ಮನೆಯವರೂ ಮೇ ತಿಂಗಳಲ್ಲಿ ಮೊದಲ ಸಲ ಯುರೋಪಿಗೆ ಹೊರಟಿದ್ದೇವೆ. ಸೂಟ್‌ಕೇಸಿಗೆ ನಮ್ಮ ಬಾವುಟದ ಸ್ಟಿಕ್ಕರ್ ಅಂಟಿಸೋಣ ಅಂತ ನನ್ನಾಸೆ. ಭಾರತದವರು ಅಂತ ಗೊತ್ತಾದರೆ ಅಲ್ಲಿ ಸರಿಯಾಗಿ ಮಾತಾಡಿಸೋದಿಲ್ಲ, ಸುಮ್ನೆ ಯಾಕೆ ಅಂತಾರೆ ಇವರು. ಏನು ಮಾಡಲಿ?
– ಓದುಗರು, ಹುಮನಾಬಾದ್

ಉತ್ತರ: ತಂಗಿ, ಎಲ್ಲಿಯವಳು ಅನ್ನೋದನ್ನು ಮುಚ್ಚಿಡಬೇಡ. ಆದರೆ ಸೂಟ್‌ಕೇಸಿಗೆ ಸ್ಟಿಕ್ಕರ್ ಬೇಡ. ಏರ್‌ಪೋರ್ಟಿನಲ್ಲಿ ಸೂಟ್‌ಕೇಸನ್ನು ಎಲ್ಲೆಂದರಲ್ಲಿ ಎಸೆಯುತ್ತಾರೆ. ಬಾವುಟ ನೆಲಕ್ಕೆ ತಾಗಬಾರದು ಅನ್ನುತ್ತದೆ ನಮ್ಮ ಧ್ವಜ ಸಂಹಿತೆ. ಆಸೆ ಇದ್ದರೆ ಎದೆ ಮೇಲೆ ಸಣ್ಣ ಪಿನ್ ಹಾಕಿಕೋ. ಸೊಂಟದಿಂದ ಕೆಳಗೆ ತೊಡುವ ಯಾವುದರ ಮೇಲೂ ಬಾವುಟ ಇರಬಾರದು, ಅದು ಕಾನೂನು.

ಇಮಿಗ್ರೇಶನ್ ಕೌಂಟರಿನವರು ಪಿನ್ ನೋಡೋದಿಲ್ಲ. ಪಾಸ್‌ಪೋರ್ಟು, ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ), ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ಕನಿಷ್ಠ 30,000 ಯೂರೋದ ಪ್ರಯಾಣದ ವೈದ್ಯಕೀಯ ವಿಮೆ, ಎಲ್ಲಾ ಒಂದೇ ಫೈಲಿನಲ್ಲಿ ಕೈಯಲ್ಲೇ ಇರಲಿ. ಬೀದಿಯಲ್ಲಂತೂ ಜನ ಮುಖ, ಬಟ್ಟೆ ನೋಡಿಯೇ ಊಹಿಸುತ್ತಾರೆ. ಉಜ್ಬೇಕಿಸ್ತಾನದ ಸಮರ್ಕಂದದಲ್ಲಿರುವ ಸಿಯಾಬ್ ಬಜಾರಿಗೆ ನಾನು ಇಳಕಲ್ ಸೀರೆ ಉಟ್ಟು ಹೋಗಿದ್ದೆ. ರೊಟ್ಟಿ ಮಾರುವ ಅಜ್ಜಿ "ಹಿಂದಿಸ್ತಾನ್? ರಾಜ್ ಕಪೂರ್!" ಅಂದಳು. ನಡುವೆ ಅಚ್ಚೊತ್ತಿದ ದಪ್ಪ ರೊಟ್ಟಿಯ ಅಂಚು ಮುರಿದು ಕೈಗಿಟ್ಟಳು. ದುಡ್ಡು ಮುಟ್ಟಲಿಲ್ಲ.

ಬಾವುಟವೇ ಕಾಪಾಡಿದ್ದೂ ಉಂಟು. 2022ರಲ್ಲಿ ಉಕ್ರೇನ್ ಬಿಟ್ಟು ಹೊರಟ ನಮ್ಮ ಮಕ್ಕಳು ಬಸ್ಸಿಗೆ ತ್ರಿವರ್ಣ ಕಟ್ಟಿಕೊಂಡು ಚೆಕ್‌ಪೋಸ್ಟ್ ದಾಟಿದರು. ಅದು ಯುದ್ಧದ ಹೊತ್ತು, ಪ್ರವಾಸಕ್ಕೆ ಆ ಲೆಕ್ಕ ಬರೋದಿಲ್ಲ.

ನಿಮ್ಮ ಬೀದರಿನದೇ ಒಂದು ಸಂಗತಿ ಇದೆ, ನಿಮ್ಮನೆಯವರಿಗೂ ಹೇಳು. 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ಅಫನಾಸಿ ನಿಕಿತಿನ್ ಎಂಬ ರಷ್ಯಾದ ವ್ಯಾಪಾರಿ ಕುದುರೆ ಮಾರಲು ಇಲ್ಲಿಗೆ ಬಂದಿದ್ದ. ದಾರಿಯಲ್ಲಿ, ಈಗಿನ ಮಹಾರಾಷ್ಟ್ರದ ಜುನ್ನರಿನ ಖಾನ, ಇವನು ಮುಸ್ಲಿಮನಲ್ಲ ಅಂತ ತಿಳಿದು ಆ ಕುದುರೆ ಕಿತ್ತುಕೊಂಡಿದ್ದ. ಆಮೇಲೆ ವಾಪಸ್ ಸಿಕ್ಕಿತು. ಖೋಜಾ ಯೂಸುಫ್ ಖೊರಾಸಾನಿ ಅನ್ನೋ ಮುಸ್ಲಿಂ ಹೆಸರಿನಲ್ಲಿ ಅವನು ಓಡಾಡುತ್ತಿದ್ದ. ಬೀದರಿನಲ್ಲಿ ಹಿಂದೂಗಳ ಪರಿಚಯ ಆದಮೇಲೆ, ತಾನು ಕ್ರೈಸ್ತ, ನಿಜವಾದ ಹೆಸರು ಅಫನಾಸಿ ಅಂತ ಬಾಯಿಬಿಟ್ಟ. ಅಲ್ಲಿಂದ ಮುಂದೆ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ತನ್ನಿಂದ ಮರೆಮಾಡಲಿಲ್ಲ ಅಂತ ಬರೆದಿಟ್ಟಿದ್ದಾನೆ. ಅವರ ಜೊತೆ ಶ್ರೀಶೈಲಕ್ಕೂ ಹೋಗಿಬಂದ.

ಬಾಯಲ್ಲಿ ಹೇಳಿದ ಪರಿಚಯಕ್ಕೆ ಇಷ್ಟು ಬಲ ಇದೆ ನೋಡು. ಎರಡು ಸಣ್ಣ ಬಿದರಿ ಸಾಮಾನು ಒಯ್ಯಿ. ಯಾರಾದರೂ ಅಕ್ಕರೆಯಿಂದ ಮಾತಾಡಿಸಿದರೆ ಕೊಡು, ಈ ಕಪ್ಪು ಬಣ್ಣ ನಮ್ಮ ಕೋಟೆಯ ಮಣ್ಣಿನಿಂದ ಬಂದದ್ದು ಅಂತ ಹೇಳು.

ನಿಮ್ಮನೆಯವರ ಭಯ ಸುಳ್ಳಲ್ಲ. ಮೈಬಣ್ಣ ನೋಡಿ ಹಗುರವಾಗಿ ಮಾತಾಡುವವರು ಇದ್ದಾರೆ, ನನಗೂ ಸಿಕ್ಕಿದ್ದಾರೆ. ಬಾವುಟ ತೆಗೆದರೂ ಅಂಥವರು ಬದಲಾಗೋದಿಲ್ಲ. ತಲೆ ತಗ್ಗಿಸಬೇಡ, ಮ್ಯಾನೇಜರನ್ನು ಕರೆಸು, ಬಿಲ್ ಇಟ್ಟುಕೋ. ತೊಂದರೆ ಜಾಸ್ತಿಯಾದರೆ ಯುರೋಪ್ ಒಕ್ಕೂಟದ ಎಲ್ಲಾ ದೇಶದಲ್ಲೂ 112ಕ್ಕೆ ಫೋನ್ ಮಾಡಬಹುದು. ಹೋಗುವ ದೇಶಗಳಲ್ಲಿರುವ ನಮ್ಮ ರಾಯಭಾರ ಕಚೇರಿಯ ನಂಬರನ್ನು ಹೊರಡುವ ಮುಂಚೆಯೇ ಇಬ್ಬರ ಫೋನಿನಲ್ಲೂ ಹಾಕಿಟ್ಟುಕೊಳ್ಳಿ.