ಭೌತಶಾಸ್ತ್ರವೋ, ಖಭೌತ ವಿಜ್ಞಾನವೋ, ಭೂವಿಜ್ಞಾನವೋ, ಏರೋಸ್ಪೇಸೋ? ಬಾಹ್ಯಾಕಾಶದಲ್ಲಿ ಪಿಎಚ್‌ಡಿ ಮಾಡಬೇಕೆನ್ನುವವರಿಗೆ

ನೀವು ಕೇಳಿರುವುದು ಇಷ್ಟು: ಸೆಕೆಂಡ್ ಪಿಯುಸಿ ಮುಗಿದಿದೆ, ಬೆಂಗಳೂರಿನಲ್ಲೇ ಪದವಿ ಓದಬೇಕು, ಆಮೇಲೆ ಬಾಹ್ಯಾಕಾಶದ ವಿಷಯದಲ್ಲಿ ಪಿಎಚ್‌ಡಿ ಮಾಡುವ ಆಸೆ. ಬಿಎಸ್ಸಿ ಭೌತಶಾಸ್ತ್ರ, ಖಭೌತ ವಿಜ್ಞಾನ (ಆಸ್ಟ್ರೋಫಿಸಿಕ್ಸ್) ಎಂದೇ ಹೆಸರಿಟ್ಟ ಕೋರ್ಸ್, ಭೂವಿಜ್ಞಾನ, ಏರೋಸ್ಪೇಸ್ ಬಿಇ, ಈ ನಾಲ್ಕರಲ್ಲಿ ಯಾವುದು?

ನಕ್ಷತ್ರ, ಗ್ಯಾಲಕ್ಸಿ, ಸೂರ್ಯ, ಕಪ್ಪುಕುಳಿ ಇವುಗಳ ಕಡೆ ಮನಸ್ಸಿದ್ದರೆ ಭೌತಶಾಸ್ತ್ರ ತೆಗೆದುಕೊಳ್ಳಿ, ಗಣಿತವನ್ನು ಕೊನೆಯ ಸೆಮಿಸ್ಟರಿನವರೆಗೂ ಬಿಡಬೇಡಿ. ಕಾರಣ ಪ್ರವೇಶ ಪರೀಕ್ಷೆಯಲ್ಲೇ ಕಾಣುತ್ತದೆ. ಎಂಎಸ್ಸಿಗೆ ಬರೆಯುವ ಜ್ಯಾಮ್ (JAM) ಭೌತಶಾಸ್ತ್ರ ಪತ್ರಿಕೆ 3 ಗಂಟೆ, 60 ಪ್ರಶ್ನೆ, 100 ಅಂಕ. ಅದರ ಪಠ್ಯಕ್ರಮದಲ್ಲಿ ಗಣಿತ ವಿಧಾನಗಳು, ಯಂತ್ರಶಾಸ್ತ್ರ, ತರಂಗ ಮತ್ತು ದ್ಯುತಿವಿಜ್ಞಾನ, ವಿದ್ಯುತ್ಕಾಂತತೆ, ಉಷ್ಣಗತಿಶಾಸ್ತ್ರ, ಆಧುನಿಕ ಭೌತಶಾಸ್ತ್ರ, ಘನವಸ್ತು ಮತ್ತು ಎಲೆಕ್ಟ್ರಾನಿಕ್ಸ್ ಇವೆ. ಖಗೋಳ ಅನ್ನುವ ವಿಭಾಗವೇ ಇಲ್ಲ. ಪಿಎಚ್‌ಡಿ ಪ್ರವೇಶಕ್ಕೆ ಬರೆಯುವ ಜೆಸ್ಟ್ (JEST) ಕೂಡ ಮೂಲತಃ ಭೌತಶಾಸ್ತ್ರದ ಪರೀಕ್ಷೆಯೇ.

ಹಾಗೆಂದು ಖಭೌತ ಎಂದು ಹೆಸರಿರುವ ಕೋರ್ಸ್ ಕೆಟ್ಟದ್ದು ಅಂತಲ್ಲ. ಹೆಸರನ್ನು ಬದಿಗಿಟ್ಟು ಸಿಲಬಸ್ ತೆಗೆದು ಎಣಿಸಿ. ಲಗ್ರಾಂಜ್ ವಿಧಾನ ಸೇರಿದ ಯಂತ್ರಶಾಸ್ತ್ರ, ಎರಡು ಸೆಮಿಸ್ಟರಿಗೆ ಹತ್ತಿರವಾಗುವಷ್ಟು ವಿದ್ಯುತ್ಕಾಂತತೆ, ಅಷ್ಟೇ ಕ್ವಾಂಟಮ್, ಒಂದು ಪೂರ್ತಿ ಸಂಖ್ಯಾ ಭೌತಶಾಸ್ತ್ರ (ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್), ರೇಖೀಯ ಬೀಜಗಣಿತ ಮತ್ತು ಫೂರಿಯೇ ಇರುವ ಗಣಿತ ವಿಧಾನ, ಜೊತೆಗೆ ಪ್ರೋಗ್ರಾಮಿಂಗ್ ಲ್ಯಾಬ್. ಇವೆಲ್ಲ ಇದ್ದು ಮೇಲೆ ಎರಡು ಖಗೋಳ ಪತ್ರಿಕೆಗಳಿದ್ದರೆ ಧೈರ್ಯವಾಗಿ ಸೇರಿ. ಖಗೋಳ ಪತ್ರಿಕೆಗೆ ಜಾಗ ಮಾಡಲು ಸಂಖ್ಯಾ ಭೌತಶಾಸ್ತ್ರವನ್ನೋ ಎರಡನೇ ಕ್ವಾಂಟಮ್ ಪತ್ರಿಕೆಯನ್ನೋ ಕತ್ತರಿಸಿದ್ದರೆ ಬೇಡ. ಇಂಧನ ಮುಗಿದ ನಕ್ಷತ್ರ ಉಳಿಸಿಹೋಗುವ ಶ್ವೇತಕುಬ್ಜ ಸೂರ್ಯನ ಸುಮಾರು 1.4 ಪಟ್ಟಿಗಿಂತ ಹೆಚ್ಚು ತೂಗಲಾರದು ಎನ್ನುವ ಚಂದ್ರಶೇಖರ್ ಮಿತಿ ಹೊರಬರುವುದು ಈ ಎರಡು ವಿಷಯ ಸೇರಿದಾಗಲೇ. ಹೈಡ್ರೋಜನ್ ಹೊಮ್ಮಿಸುವ 21 ಸೆಂ.ಮೀ. ರೇಡಿಯೋ ರೇಖೆ ಶುದ್ಧ ಕ್ವಾಂಟಮ್. ಪುಣೆ ಬಳಿಯ ರೇಡಿಯೋ ದೂರದರ್ಶಕ ಜಿಎಂಆರ್‌ಟಿಯ 30 ಡಿಶ್‌ಗಳು ಸೇರಿ ಒಂದು ಚಿತ್ರ ಕೊಡುವುದು ಫೂರಿಯೇ ಗಣಿತದಿಂದ. ಬಿಟ್ಟುಹೋದ ಖಗೋಳ ಪತ್ರಿಕೆಯನ್ನು ಒಂದು ಬೇಸಿಗೆಯಲ್ಲಿ ಓದಿಕೊಳ್ಳಬಹುದು. ಬಿಟ್ಟುಹೋದ ಕ್ವಾಂಟಮ್ ಅನ್ನು ಹಾಗೆ ತುಂಬಿಕೊಳ್ಳುವುದು ಬಹಳ ಕಷ್ಟ.

ಖಗೋಳ ವಿಜ್ಞಾನ, ಖಭೌತ ವಿಜ್ಞಾನ ಇವೆರಡರ ನಡುವಿನ ಗೆರೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಪಿಎಚ್‌ಡಿ ಮಟ್ಟದಲ್ಲಿ ಅವು ಹೆಚ್ಚುಕಡಿಮೆ ಒಂದೇ. 'ಬಾಹ್ಯಾಕಾಶ ವಿಜ್ಞಾನ' ಮಾತ್ರ ಬೇರೆ ಅರ್ಥದ ಮಾತು. ಸೌರಮಾರುತ, ಅಯಾನುಗೋಳ, ಭೂಮಿಯ ಕಾಂತಗೋಳ ಅದರ ಕ್ಷೇತ್ರ, ಬೇಕಾಗುವುದು ಪ್ಲಾಸ್ಮಾ ಮತ್ತು ದ್ರವಗತಿಶಾಸ್ತ್ರ. ಅದಕ್ಕೂ ಬುನಾದಿ ಭೌತಶಾಸ್ತ್ರವೇ.

ಏರೋಸ್ಪೇಸ್ ಬಗ್ಗೆ ನೇರವಾಗಿ ಹೇಳುತ್ತೇನೆ. 'ಇಸ್ರೋಗೆ ಸೇರಬೇಕು, ಅದಕ್ಕೆ ಏರೋಸ್ಪೇಸ್' ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ಇಸ್ರೋದ ಕೇಂದ್ರೀಯ ನೇಮಕಾತಿ ಮಂಡಳಿ ವಿಜ್ಞಾನಿ/ಎಂಜಿನಿಯರ್ ಹುದ್ದೆಗೆ ಸಾಮಾನ್ಯವಾಗಿ ಕರೆಯುವುದು ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಮತ್ತು ಕಂಪ್ಯೂಟರ್ ಸೈನ್ಸ್ ಓದಿದವರನ್ನು, ಶೇ. 65 ಅಥವಾ 10ಕ್ಕೆ 6.84 ಸಿಜಿಪಿಎ ಇದ್ದರೆ. ಉಪಗ್ರಹ ಕಟ್ಟುವ ಆಸೆಯಿದ್ದರೆ ಈ ಮೂರರಲ್ಲಿ ಒಂದು ಹೆಚ್ಚು ಭದ್ರ. ನೋದನ (ಪ್ರೊಪಲ್ಷನ್), ವಾಯುಗತಿ (ಏರೋಡೈನಮಿಕ್ಸ್) ನಿಜವಾಗಿಯೂ ಇಷ್ಟವಿದ್ದರೆ ಮಾತ್ರ ಏರೋಸ್ಪೇಸ್. ತಿರುವನಂತಪುರದಲ್ಲಿರುವ, ಬಾಹ್ಯಾಕಾಶ ಇಲಾಖೆಯ ಕಾಲೇಜಾದ ಐಐಎಸ್‌ಟಿ ಬೇರೆ ಲೆಕ್ಕ, ಅದಕ್ಕೆ ಜೆಇಇ ಅಡ್ವಾನ್ಸ್ಡ್ ಬೇಕು.

ಗ್ರಹ ವಿಜ್ಞಾನದಲ್ಲಿ ದಾರಿಗಳು ಹಲವು. ಚಂದ್ರಯಾನ-3ರ ಪ್ರಜ್ಞಾನ್ ರೋವರ್ 2023ರಲ್ಲಿ ಚಂದ್ರನ ಮಣ್ಣಿನಲ್ಲಿ ಗಂಧಕ ಪತ್ತೆಮಾಡಿದ್ದನ್ನೇ ನೋಡಿ. ಲೇಸರ್ ಹೊಡೆದು ಬೆಳಕು ಅಳೆದ ಲಿಬ್ಸ್ ಉಪಕರಣ ತಯಾರಾಗಿದ್ದು ನಮ್ಮ ಪೀಣ್ಯದಲ್ಲಿರುವ ಇಸ್ರೋ ಪ್ರಯೋಗಾಲಯ ಲಿಯೋಸ್‌ನಲ್ಲಿ, ಅದು ದ್ಯುತಿ ಎಂಜಿನಿಯರಿಂಗ್ ಕೆಲಸ. ಆ ಬೆಳಕಿನ ರೇಖೆಗಳನ್ನು ಓದುವುದು ರೋಹಿತ ವಿಜ್ಞಾನ. ಆ ಗಂಧಕ ಎಲ್ಲಿಂದ ಬಂತು, ಜ್ವಾಲಾಮುಖಿಯಿಂದಲೋ ಉಲ್ಕೆಯಿಂದಲೋ ಎಂದು ಕೇಳುವುದು ಭೂವಿಜ್ಞಾನ. ಕೊನೆಯ ಪ್ರಶ್ನೆಯೇ ನಿಮ್ಮದು ಎನಿಸಿದರೆ ಭೂವಿಜ್ಞಾನ ತೆಗೆದುಕೊಳ್ಳಿ, ಆದರೆ ಕಾಂಬಿನೇಷನ್‌ನಲ್ಲಿ ಭೌತಶಾಸ್ತ್ರವೋ ರಸಾಯನಶಾಸ್ತ್ರವೋ ಜೊತೆಗಿರಲಿ.

ನಿಮ್ಮ ಮನಸ್ಸು ಎತ್ತ ವಾಲುತ್ತದೆ ಎಂದು ತಿಳಿಯಲು ಸೀಟು ಹಿಡಿಯುವ ಮೊದಲು ಮೂರು ಭಾನುವಾರ ಕೊಡಿ. ಒಂದು ಲ್ಯಾಪ್‌ಟಾಪ್ ಸಾಕು.

ಮೊದಲ ಭಾನುವಾರ ಕೃತ್ತಿಕಾ ನಕ್ಷತ್ರಪುಂಜ. ಯುರೋಪಿನ ಗಯಾ (Gaia) ಬಾಹ್ಯಾಕಾಶ ದೂರದರ್ಶಕದ ದತ್ತಾಂಶ ಎಲ್ಲರಿಗೂ ಉಚಿತ. ವಿಷುವದಂಶ (RA) 56.75 ಡಿಗ್ರಿ, ಘಂಟಾವೃತ್ತಾಂಶ (Dec) 24.12 ಡಿಗ್ರಿ ಸುತ್ತ 2 ಡಿಗ್ರಿ ತ್ರಿಜ್ಯದಲ್ಲಿ ನಕ್ಷತ್ರಗಳನ್ನು ಇಳಿಸಿಕೊಳ್ಳಿ. ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನ, ದೂರ ತಿಳಿಯುವುದು ಇದರಿಂದ) 6.8ರಿಂದ 8.0 ಮಿಲಿ ಆರ್ಕ್‌ಸೆಕೆಂಡ್ ಒಳಗಿರುವುದನ್ನು ಮಾತ್ರ ಉಳಿಸಿ, ಬಣ್ಣವನ್ನು ಅಡ್ಡಕ್ಕೂ ಪ್ರಖರತೆಯನ್ನು ಲಂಬಕ್ಕೂ ಇಟ್ಟು ಪೈಥಾನ್‌ನಲ್ಲಿ ಗ್ರಾಫ್ ಹಾಕಿ. ಮೊದಲ ಸಲ ಗ್ರಾಫ್ ಕಲಸುಮೇಲೋಗರವಾಗಿ ಬರುತ್ತದೆ. ಅದೇ ದೂರದಲ್ಲಿರುವ ಸಂಬಂಧವಿಲ್ಲದ ನಕ್ಷತ್ರಗಳೂ, ಅಳತೆಯ ದೋಷದಿಂದ ಆ ಮಿತಿಯೊಳಗೆ ಬಿದ್ದ ದೂರದ ಮಸುಕು ನಕ್ಷತ್ರಗಳೂ ಸೇರಿಕೊಂಡಿರುತ್ತವೆ. ಪ್ಯಾರಲಾಕ್ಸ್ ತನ್ನ ದೋಷದ 10 ಪಟ್ಟಾದರೂ ಇರಲಿ ಎಂಬ ಷರತ್ತು ಹಾಕಿ. ಆಮೇಲೆ ವರ್ಷಕ್ಕೆ ಪೂರ್ವಕ್ಕೆ ಸುಮಾರು 20, ದಕ್ಷಿಣಕ್ಕೆ ಸುಮಾರು 45 ಮಿಲಿ ಆರ್ಕ್‌ಸೆಕೆಂಡ್ ಸರಿಯುವವನ್ನು ಮಾತ್ರ ಉಳಿಸಿ. ಪುಂಜದ ನಕ್ಷತ್ರಗಳು ತೆಳ್ಳಗಿನ ಒಂದೇ ಗೆರೆಯಾಗಿ ನಿಲ್ಲುತ್ತವೆ. ಕಸ ಏಕೆ ಬಂತು ಎಂದು ಹುಡುಕುವ ಎರಡು ಗಂಟೆ ನಿಮಗೆ ಹಿಡಿಸಿತೇ? ಖಗೋಳ ಪಿಎಚ್‌ಡಿಯ ದಿನಚರಿ ಬಹುಪಾಲು ಇದೇ.

ಎರಡನೇ ಭಾನುವಾರ ಚಂದ್ರಯಾನ-2ರ ಚಿತ್ರ. ಇಸ್ರೋದ ಪ್ರದಾನ್ ಜಾಲತಾಣದಲ್ಲಿ ನೋಂದಾಯಿಸಿಕೊಂಡರೆ ಸಿಗುತ್ತದೆ. 5 ಮೀಟರ್ ಸ್ಪಷ್ಟತೆಯ ಟಿಎಂಸಿ-2 ಕ್ಯಾಮೆರಾದ ಚಿತ್ರದಲ್ಲಿ ಒಂದು ನಯವಾದ ಬಯಲು, ಒಂದು ಒರಟು ಎತ್ತರದ ಪ್ರದೇಶ ಆರಿಸಿ, ಸಮ ವಿಸ್ತೀರ್ಣದಲ್ಲಿ ಕುಳಿಗಳನ್ನು ಗಾತ್ರವಾರು ಎಣಿಸಿ. ಕುಳಿ ಹೆಚ್ಚಿದ್ದರೆ ನೆಲ ಹಳೆಯದು. ಸಣ್ಣ ಕುಳಿಗಳಲ್ಲಿ ಎಡವುವುದು ಸಹಜ, ದೊಡ್ಡದೊಂದರಿಂದ ಚಿಮ್ಮಿದ ಕಲ್ಲುಗಳು ಮಾಡಿದ ಮರಿಕುಳಿಗಳು ಸಾಲುಸಾಲಾಗಿರುತ್ತವೆ, ಅವನ್ನು ಬಿಡಬೇಕು. ಈ ಎಣಿಕೆ ಹಿಡಿಸಿದರೆ ನಿಮ್ಮ ದಾರಿ ಗ್ರಹ ವಿಜ್ಞಾನ.

ಮೂರನೆಯದು 500 ಕಿ.ಮೀ. ಎತ್ತರದ ಉಪಗ್ರಹದ ವಿದ್ಯುತ್ ಲೆಕ್ಕ. ಒಂದು ಸುತ್ತಿಗೆ 94.6 ನಿಮಿಷ, ಅದರಲ್ಲಿ ಭೂಮಿಯ ನೆರಳಿನಲ್ಲಿ ಹೆಚ್ಚೆಂದರೆ 36 ನಿಮಿಷ. ಉಪಕರಣಕ್ಕೆ ಸದಾ 20 ವಾಟ್ ಬೇಕೆಂದರೆ ಬ್ಯಾಟರಿ ಎಷ್ಟು, ಸೌರಫಲಕ ಎಷ್ಟು? ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವಂತೆ ಲೆಕ್ಕ ಹಾಕಿದರೆ ದಿನಕ್ಕೆ 15 ಸುತ್ತು ತಿರುಗುವ ಉಪಗ್ರಹದಲ್ಲಿ ಅದು ಬೇಗ ಸಾಯುತ್ತದೆ. ಇಂಥ ಲೆಕ್ಕ ಖುಷಿ ಕೊಟ್ಟರೆ ನಿಮ್ಮ ಜಾಗ ಎಂಜಿನಿಯರಿಂಗ್.

ಬೆಂಗಳೂರಿನಲ್ಲಿರುವುದರ ಲಾಭವನ್ನು ಪೂರ್ತಿ ಪಡೆಯಿರಿ. ಕೋರಮಂಗಲದ ಐಐಎ (ಭಾರತೀಯ ಖಭೌತ ಸಂಸ್ಥೆ), ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಐಐಎಸ್‌ಸಿ ಮೂರೂ ಒಂದು ಬಸ್ ಪಾಸಿನಲ್ಲಿ ಸಿಗುತ್ತವೆ, ಮೂರೂ ಕಡೆ ಸಾರ್ವಜನಿಕ ಉಪನ್ಯಾಸಗಳಿರುತ್ತವೆ. ಸೂರ್ಯನನ್ನು ನೋಡುವ ಇಸ್ರೋ ನೌಕೆ ಆದಿತ್ಯ-ಎಲ್1ರ ಮುಖ್ಯ ಉಪಕರಣ ವಿಇಎಲ್‌ಸಿ ಸಿದ್ಧವಾದದ್ದು ಹೊಸಕೋಟೆಯ ಐಐಎ ಆವರಣದಲ್ಲಿ. ನೆಹರು ತಾರಾಲಯದಲ್ಲಿ ಪದವಿ ವಿದ್ಯಾರ್ಥಿಗಳಿಗೆಂದೇ ರೀಪ್ (REAP) ಎಂಬ ತರಗತಿಗಳಿವೆ, ಕಾಲೇಜಿನ ಜೊತೆಜೊತೆಗೇ ನಡೆಯುತ್ತವೆ. ಮೊದಲ ವರ್ಷದಲ್ಲೇ ಸೇರಿ.

ಇನ್ನು ವರ್ಷಗಳ ಲೆಕ್ಕ. ಕರ್ನಾಟಕದಲ್ಲಿ 2024ರಿಂದ ಬಿಎಸ್ಸಿ ಮತ್ತೆ ಮೂರು ವರ್ಷ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಓದನ್ನು ಕೇಳುತ್ತವೆ, ಯುರೋಪಿನಲ್ಲಿ ಸಾಮಾನ್ಯವಾಗಿ ಎಂಎಸ್ಸಿ ಆಗದೆ ಪಿಎಚ್‌ಡಿ ಇಲ್ಲ. ಆದ್ದರಿಂದ ಬಿಎಸ್ಸಿ ಆದಮೇಲೆ ಎರಡು ವರ್ಷದ ಎಂಎಸ್ಸಿಯನ್ನು ಈಗಲೇ ಯೋಜನೆಯಲ್ಲಿ ಸೇರಿಸಿಕೊಳ್ಳಿ. ಅಮೆರಿಕದ ಅರ್ಜಿಗಳು ಬಹುತೇಕ ಡಿಸೆಂಬರಿನಲ್ಲಿ ಮುಗಿಯುತ್ತವೆ, ಅವಕ್ಕೆ ಮೂರು ಶಿಫಾರಸು ಪತ್ರ ಬೇಕು. 'ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದರು' ಎನ್ನುವ ಪತ್ರಕ್ಕೆ ತೂಕ ಕಡಿಮೆ, ನಿಮ್ಮ ಪ್ರಾಜೆಕ್ಟ್ ನೋಡಿದವರು ಬರೆಯಬೇಕು. ಹಾಗಾಗಿ ಎರಡನೇ ವರ್ಷದಲ್ಲೇ, ವಿಜ್ಞಾನಿಗಳ ಜೊತೆ ಪ್ರಾಜೆಕ್ಟ್ ಮಾಡಿಸುವ ಭಾರತೀಯ ವಿಜ್ಞಾನ ಅಕಾಡೆಮಿಯ ಬೇಸಿಗೆ ಫೆಲೋಶಿಪ್ ಅರ್ಜಿಯನ್ನು ನೋಡಿಕೊಳ್ಳಿ. ಅರ್ಜಿಯ ಬರಹದಲ್ಲಿ 'ಬಾಲ್ಯದಿಂದ ಆಕಾಶ ಇಷ್ಟ' ಎಂದು ಬರೆಯುವ ಬದಲು ಆ ಕೃತ್ತಿಕಾ ಗ್ರಾಫಿನಲ್ಲಿ ಏನು ತಪ್ಪಾಯಿತು, ಹೇಗೆ ಸರಿಪಡಿಸಿದಿರಿ ಎಂದು ಬರೆಯಿರಿ.